ಹವಾಲ್ದಾರರ ಮೊಣಕಾಲು ಯಾವ ಇಸವೀದು?

ಮರಳಿ ಬಸ್ ಸ್ಟಾಪಿನಲ್ಲಿ ಬೆಳಿಗ್ಗೆ ಎಂಟರ ಸುಮಾರಿಗೆ ಗಂಗಾವತಿ ಬಸ್ಸಿಗೆ ಕಾಯುವವರಲ್ಲಿ ಅವರನ್ನು ನೀವೂ ನೋಡಿರಬೇಕು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಒಪ್ಪವಾಗಿ ಕತ್ತರಿಸಿದ ಮೀಸೆ, ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಬಸ್ಸು ಬಂದಾಗ ಎಲ್ಲರೂ ನುಗ್ಗುತ್ತಾರೆ, ಇವರು ನುಗ್ಗುವುದಿಲ್ಲ. ಕೊನೆಗೆ ನಿಂತು, ಬಲಗಾಲು ಮೆಟ್ಟಿಲ ಮೇಲಿಟ್ಟು, ಕಂಬಿ ಹಿಡಿದು, ಎಡಗಾಲನ್ನು ಸಾಮಾನು ಎತ್ತಿದಂಗೆ ಎತ್ತಿ ಒಳಗೆ ತರುತ್ತಾರೆ. ಕಂಡಕ್ಟರು "ಲಗೂ ಹತ್ರೀ ಅಜ್ಜಾರ" ಅಂತ ಅವಸರ ಮಾಡುತ್ತಾನೆ. ಅಜ್ಜ ಅನ್ನುವ ವಯಸ್ಸೇನಲ್ಲ, ಇನ್ನೂ ಅರವತ್ತು ತುಂಬಿಲ್ಲ. ಆ ಕಾಲು ಮಾತ್ರ ಅವರಿಗಿಂತ ಮೊದಲೇ ಮುದುಕಾಗಿದೆ.

ಮಾಜಿ ಹವಾಲ್ದಾರರು. ಹೆಸರು ಹಾಕಬೇಡ್ರಿ ಅಂದರು, ಹಾಕಿಲ್ಲ. ಊರಲ್ಲಿ ಸಣ್ಣದೊಂದು ಕಿರಾಣಿ ಅಂಗಡಿ, ಎಡದಂಡೆ ಕಾಲುವೆ ನೀರಿನ ಒಂದಿಷ್ಟು ಭತ್ತದ ಗದ್ದೆ. 1986ರಲ್ಲಿ ಮಿಲಿಟ್ರಿ ಸೇರಿದವರು, 2004ರಲ್ಲಿ ಬಿಟ್ಟು ಬಂದರು. ನಡುವೆ 1997ರಲ್ಲಿ ಬೆಟ್ಟದ ದಾರಿಯಲ್ಲಿ ಡ್ಯೂಟಿ ಮೇಲೆ ಹೋಗುವಾಗ ಗಾಡಿ ಉರುಳಿತು.

"ಮೂರು ತಿಂಗಳು ದವಾಖಾನ್ಯಾಗ ಬಿದ್ದಿದ್ದೆ ನೋಡ್ರಿ. ಆಮ್ಯಾಲ ಕ್ಯಾಟಗರಿ ಮಾಡಿದ್ರು. ಓಡಾಂಗಿಲ್ಲ, ಭಾರ ಹೊರಾಂಗಿಲ್ಲ, ಸ್ಟೋರಿನ್ಯಾಗ ಲೆಕ್ಕ ಬರೀಬೇಕು. ಏಳು ವರ್ಷ ಹಂಗ ತಗದೆ. ಅಷ್ಟ್ರಾಗ ಅಪ್ಪ ತೀರ್ಕೊಂಡ. ಹೊಲ ನೋಡವ್ರಿಲ್ಲ, ಅವ್ವ ಒಬ್ಬಾಕಿ. ಅರ್ಜಿ ಬರ್ದುಕೊಟ್ಟು ಬಂದ್ಬಿಟ್ಟೆ."

ಬರುವಾಗ ಡಾಕ್ಟರರ ಬೋರ್ಡು ಕೂತು ಮೊಣಕಾಲು ನೋಡಿ ಶೇ. 20 ಊನ ಅಂತ ಬರೆಯಿತು. ಸರ್ವಿಸಿನಿಂದಲೇ ಆದದ್ದು ಅಂತಲೂ ಬರೆಯಿತು. ಇಷ್ಟಿದ್ದೂ ಊನದ ಪಿಂಚಣಿ ಬರಲಿಲ್ಲ. ತಾನಾಗಿ ಅರ್ಜಿ ಕೊಟ್ಟು ಬಿಟ್ಟು ಬಂದವನಿಗೆ ಅದು ಇಲ್ಲ ಅನ್ನುವುದು ಆಗಿನ ನಿಯಮ. ಇವರು ಸುಮ್ಮನಾದರು. ನಿಯಮ ಅಂದ ಮೇಲೆ ನಿಯಮ, ಹದಿನೆಂಟು ವರ್ಷ ಅದನ್ನೇ ಕಲಿತು ಬಂದವರು.

ಸುಮ್ಮನಿದ್ದ ಮನುಷ್ಯನಿಗೆ ನಿದ್ದೆಗೆಡಿಸಿದ್ದು ಕುಷ್ಟಗಿ ತಾಲೂಕಿನ ಅವರ ಹಳೇ ಜೋಡಿದಾರ. ಇಬ್ಬರದೂ ಒಂದೇ ಯೂನಿಟ್ಟು. ಅವರಿಗೆ ಫೈರಿಂಗ್ ಸದ್ದಿಗೆ ಕಿವಿ ಹೋಗಿತ್ತು, ಅದೂ ಶೇ. 20. ಅವರೂ ತಾವಾಗಿಯೇ ಅರ್ಜಿ ಕೊಟ್ಟು ಬಂದವರು. ಎರಡೂ ಕಥೆಗಳಲ್ಲಿ ಬೇರೆ ಇರುವುದು ಒಂದೇ, ಬಿಟ್ಟು ಬಂದ ಇಸವಿ.

"ನಾ 2004, ಅವಾ 2007. ಅವನ ಕಿವಿಗೆ ರೊಕ್ಕ ಬರ್ತೈತ್ರೀ, ನನ್ನ ಮೊಣಕಾಲಿಗೆ ಇಲ್ಲ. ಮೊಣಕಾಲು ನೋಯೂದು ಇಸವಿ ಕೇಳಿ ನೋಯತೈತೇನ್ರೀ?"

ಈ ಪ್ರಶ್ನೆಗೆ ಉತ್ತರ ಹುಡುಕಲು ಹೋದ ನಮಗೆ ಸಿಕ್ಕದ್ದು ಬರೀ ತಾರೀಖುಗಳ ಸಂತೆ. 2009ರ ಸೆಪ್ಟೆಂಬರ್ 29ರಂದು ರಕ್ಷಣಾ ಮಂತ್ರಾಲಯ ಒಂದು ಆದೇಶ ಹೊರಡಿಸಿತು. ಸರ್ವಿಸಿನಿಂದ ಊನವಾಗಿಯೂ ಕೆಲಸದಲ್ಲಿ ಮುಂದುವರಿದು, ಆಮೇಲೆ ತಾವಾಗಿ ಬಿಟ್ಟು ಬಂದವರಿಗೂ ಊನದ ಪಿಂಚಣಿ ಕೊಡಬಹುದು ಅಂತ. ಸಂತೋಷದ ಮಾತೇ. ಆದರೆ ಕೆಳಗೊಂದು ಗೆರೆ ಎಳೆದಿತ್ತು: 1-1-2006ರಂದು ಅಥವಾ ಅದರ ನಂತರ ಬಿಟ್ಟವರಿಗೆ ಮಾತ್ರ. 2005ರ ಡಿಸೆಂಬರ್ 31ಕ್ಕೆ ಗೇಟು ದಾಟಿದವನ ಕಾಲು ಕಾಲಲ್ಲ, ಮರುದಿನ ದಾಟಿದವನದು ಕಾಲು!

ನಮ್ಮ ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಜೂನ್ 30ರ ಬಿಲ್ಲಿಗೆ ಒಂದು ಲೆಕ್ಕ, ಮರುದಿನದ ಬಿಲ್ಲಿಗೆ ಇನ್ನೊಂದು ಲೆಕ್ಕ ಅಂತ ಅಂಗಡಿಯಲ್ಲಿ ಹಳೇ ಸ್ಟಾಕು ಇಟ್ಟುಕೊಂಡು ತಲೆ ಕೆರೆದುಕೊಂಡವರು ನಾವೇ. ಆದರೆ ಅದು ಸಕ್ಕರೆ, ಸಾಬೂನಿನ ಮಾತು. ಇಲ್ಲಿ ಸ್ಟಾಕು ಅಂದರೆ ಮನುಷ್ಯರ ಕಾಲು, ಕಿವಿ, ಬೆನ್ನು.

ಸರಕಾರದ ಕಡೆಯ ಮಾತೂ ಹೇಳಬೇಕು. ಪ್ರತಿ ವೇತನ ಆಯೋಗ ಬಂದಾಗಲೂ ಹೊಸ ದರ ಬರುತ್ತದೆ, ಎಲ್ಲಿಯಾದರೂ ಒಂದು ಕಡೆ ಗೆರೆ ಎಳೆಯದಿದ್ದರೆ ಬೊಕ್ಕಸ ತಾಳುವುದಿಲ್ಲ ಅನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಸುಪ್ರೀಂ ಕೋರ್ಟು 1982ರ ಡಿಸೆಂಬರ್ 17ರಂದೇ ನಕಾರಾ ಮೊಕದ್ದಮೆಯಲ್ಲಿ ಬೇರೆ ಮಾತು ಹೇಳಿದೆ. ಆಗಲೂ ಇದೇ ರಗಳೆ: 1979ರ ಮಾರ್ಚ್ ಕೊನೆಯ ಗೆರೆಯಿಂದ ಈಚೆಗೆ ನಿವೃತ್ತರಾದವರಿಗೆ ಹೆಚ್ಚಿನ ಪಿಂಚಣಿ, ಆಚೆಯವರಿಗೆ ಕಡಿಮೆ. ಪಿಂಚಣಿ ಯಾರೋ ದಯದಿಂದ ಕೊಡುವ ದಾನವಲ್ಲ, ಒಂದೇ ಜಾತಿಯ ಪಿಂಚಣಿದಾರರನ್ನು ಬರೀ ತಾರೀಖಿನಿಂದ ಎರಡು ಪಾಲು ಮಾಡಬಾರದು ಅಂತ ಕೋರ್ಟು ತೀರ್ಪು ಕೊಟ್ಟಿತು. ತೀರ್ಪು ಬಂದು ನಲವತ್ತು ವರ್ಷ ದಾಟಿತು, ಗೆರೆ ಎಳೆಯುವ ಚಟ ಹೋಗಿಲ್ಲ.

ಮಿಲಿಟ್ರಿಯ ಊನದ ಪಿಂಚಣಿ ಹೇಗೆ ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ತಿಳಿದುಕೊಳ್ಳಿ. ಡಾಕ್ಟರರ ಬೋರ್ಡು ಎರಡು ಮಾತು ಹೇಳಬೇಕು. ಒಂದು, ಊನ ಸರ್ವಿಸಿನಿಂದ ಆಯಿತೇ, ಇಲ್ಲಾ ಸರ್ವಿಸಿನಿಂದ ಹೆಚ್ಚಾಯಿತೇ. ಎರಡು, ಊನ ಶೇಕಡಾ ಎಷ್ಟು. ಶೇ. 20 ಮುಟ್ಟಿದರೆ ಬಾಗಿಲು ತೆರೆಯುತ್ತದೆ, 19 ಅಂದರೆ ಮುಚ್ಚುತ್ತದೆ. ಹಿಂದೆ ಇನ್ನೊಂದು ಕಾಟವಿತ್ತು. ಕೆಲ ವರ್ಷಕ್ಕೊಮ್ಮೆ ಮತ್ತೆ ಬೋರ್ಡಿನ ಮುಂದೆ ಹೋಗಿ ನಿಲ್ಲಬೇಕು. ಅಲ್ಲಿ ಶೇ. 20 ಇದ್ದದ್ದು 15 ಅಂತ ಬರೆದರೆ ಮುಗಿಯಿತು, ಬರುತ್ತಿದ್ದ ಊನದ ಹಣವೂ ನಿಂತಿತು. 2001ರ ಫೆಬ್ರವರಿಯ ಆದೇಶದಿಂದ ಅದು ತಪ್ಪಿತು. ಊನ ಕಾಯಂ ಅನ್ನಿಸಿದರೆ ಮೊದಲ ಬೋರ್ಡಿನ ಮಾತೇ ಜೀವನಪೂರ್ತಿ, ಸೈನಿಕನಾಗಿ ಕೇಳಿಕೊಂಡರೆ ಮಾತ್ರ ಮರುಪರೀಕ್ಷೆ.

ರೊಕ್ಕದ ಲೆಕ್ಕಕ್ಕೆ ಬರೋಣ. ಐದನೇ ವೇತನ ಆಯೋಗದ ಕಾಲದಲ್ಲಿ, ಅಂದರೆ 1-1-1996ರಿಂದ, ಪೂರ್ತಿ ಶೇ. 100 ಊನಕ್ಕೆ ಸಿಪಾಯಿ-ಹವಾಲ್ದಾರರಿಗೆ ತಿಂಗಳಿಗೆ 1,550 ರೂಪಾಯಿ, ಸುಬೇದಾರ ದರ್ಜೆಗೆ 1,900, ಆಫೀಸರಿಗೆ 2,600 ಇತ್ತು. ಶೇ. 20 ಅಂದರೆ ಸಿಪಾಯಿಗೆ 310 ರೂಪಾಯಿ. ಅದೇ ಹೊತ್ತಿಗೆ ಇನ್ನೊಂದು ಸವಲತ್ತು ಬಂತು: ಶೇಕಡಾವಾರನ್ನು ಮೇಲಕ್ಕೆ ಎತ್ತಿ ಹಿಡಿಯುವುದು. ಐವತ್ತಕ್ಕಿಂತ ಕಡಿಮೆ ಇದ್ದದ್ದು 50 ಅಂತ, 50ರಿಂದ 75ರವರೆಗಿನದು 75 ಅಂತ, ಅದರ ಮೇಲಿನದೆಲ್ಲ 100 ಅಂತ ಹಿಡಿಯಬೇಕು. ಹೀಗೆ ಹಿಡಿದರೆ 310 ಇದ್ದದ್ದು 775 ಆಗುತ್ತದೆ. 2006ರ ನಂತರ ಲೆಕ್ಕ ಬದಲಾಯಿತು. ಶೇ. 100 ಊನಕ್ಕೆ ಕೊನೆಯ ಸಂಬಳದ ಶೇ. 30. ಕೊನೆಯ ಸಂಬಳ 30,000 ಅಂತ ಹಿಡಿಯಿರಿ. ಶೇ. 20ಕ್ಕೆ 1,800, ಅದನ್ನು 50ಕ್ಕೆ ಎತ್ತಿದರೆ 4,500. ಕಿರಾಣಿ ಅಂಗಡಿಯವನಿಗೆ ತಿಂಗಳಿಗೆ ಈ ವ್ಯತ್ಯಾಸ ಅಂದರೆ ಏನು ಅಂತ ಅಂಗಡಿ ಇಟ್ಟವರಿಗೆ ಗೊತ್ತು.

ಆದರೆ ಎತ್ತಿ ಹಿಡಿಯುವ ಸವಲತ್ತಿಗೂ ಗೆರೆ ಇತ್ತು. ಒಂದಲ್ಲ, ಎರಡು. 1996ಕ್ಕಿಂತ ಮೊದಲು ಹೊರಬಂದವರಿಗೆ ಇಲ್ಲ ಅಂದರು. ಅವರಿಗೆ ಅದು ಸಿಕ್ಕಿದ್ದು 2010ರ ಜನವರಿಯ ಆದೇಶದಿಂದ, ಅದೂ 1-7-2009ರಿಂದ ಮಾತ್ರ. ಎರಡನೆಯ ಗೆರೆ ಇನ್ನೂ ವಿಚಿತ್ರ. ಡಾಕ್ಟರರು ಬೋರ್ಡ್ ಔಟ್ ಮಾಡಿ ಮನೆಗೆ ಕಳಿಸಿದವನಿಗೆ ಮಾತ್ರ ಸವಲತ್ತು. ಊನವಾದರೂ ಹಲ್ಲು ಕಚ್ಚಿ ಪೂರ್ತಿ ಅವಧಿ ದುಡಿದು ಬಂದವನಿಗೆ ಇಲ್ಲ. ಹಲ್ಲು ಕಚ್ಚಿದ್ದೇ ತಪ್ಪಾಯಿತು ಅನ್ನುವ ಹಾಗೆ. ಇದನ್ನು ಸುಪ್ರೀಂ ಕೋರ್ಟು 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಮೊಕದ್ದಮೆಯಲ್ಲಿ ಕಿತ್ತು ಹಾಕಿತು. ಹೇಗೇ ಹೊರಬಂದಿರಲಿ, ಊನ ಊನವೇ.

ನಮ್ಮ ಹವಾಲ್ದಾರರ ಗೆರೆಯೂ ಕೊನೆಗೆ ಅಳಿಸಿದೆ. ನ್ಯಾಯಮಂಡಳಿಗೆ ಮೇಲಿಂದ ಮೇಲೆ ಮೊಕದ್ದಮೆ ಹೋದ ಮೇಲೆ 2017ರ ಮೇ 19ರಂದು ಮಂತ್ರಾಲಯ ಇನ್ನೊಂದು ಆದೇಶ ತೆಗೆಯಿತು. 2006ಕ್ಕಿಂತ ಮೊದಲು ತಾವಾಗಿ ಬಿಟ್ಟು ಬಂದವರಿಗೂ ಕೊಡಿ ಅಂತ. ಆದೇಶ ದಿಲ್ಲಿಯಲ್ಲಿ ಹೊರಟಿತು. ಮರಳಿಗೆ ಯಾವಾಗ ಮುಟ್ಟಿತು? ಕಳೆದ ನವೆಂಬರಿನಲ್ಲಿ ಜೀವನ ಪ್ರಮಾಣಪತ್ರ ಕೊಡಲು ಗಂಗಾವತಿಗೆ ಹೋದಾಗ, ವಗ್ಗರಣಿ-ಮಿರ್ಚಿ ತಿನ್ನುತ್ತ ಕೂತಿದ್ದ ಇನ್ನೊಬ್ಬ ಮಾಜಿ ಸೈನಿಕರು ಮಾತಿಗೆ ಮಾತು ಬಂದು ಹೇಳಿದರಂತೆ.

"ಅಷ್ಟು ವರ್ಷ ಯಾರೂ ಹೇಳ್ಲಿಲ್ಲೇನ್ರೀ?" ಅಂತ ಕೇಳಿದೆವು.

"ಯಾರು ಹೇಳಬೇಕು? ನಾವು ಕೇಳಿದ್ರ ಅವ್ರು ಹೇಳ್ತಾರ. ಕೇಳಾಕ ನಮಗ ಗೊತ್ತಿರಬೇಕಲ್ರೀ."

ಈ ಮಾತಿನ ತೂಕ ತಿಳಿಯಬೇಕಾದರೆ ಮಹಾಲೇಖಪಾಲರು, ಅಂದರೆ ಸಿಎಜಿ, 2023ರಲ್ಲಿ ಸಂಸತ್ತಿಗೆ ಕೊಟ್ಟ ವರದಿ ನೋಡಬೇಕು. 2015-16ರಿಂದ 2019-20ರವರೆಗೆ ಪ್ರತಿವರ್ಷ ನಿವೃತ್ತರಾದ ಆಫೀಸರುಗಳಲ್ಲಿ ಶೇ. 36ರಿಂದ 40 ಮಂದಿ ಊನದ ಪಿಂಚಣಿ ಪಡೆದರು. ಕೆಳಗಿನ ದರ್ಜೆಯವರಲ್ಲಿ ಶೇ. 15ರಿಂದ 18. ಬೆಟ್ಟ ಹತ್ತಿ ಗುಂಡಿ ತೋಡುವವನು, ಗಾಡಿಯ ಹಿಂದೆ ಕೂಡುವವನು ಸಿಪಾಯಿ. ಅವನ ಮೊಣಕಾಲೇ ಹೆಚ್ಚು ಗಟ್ಟಿ ಅಂತ ಯಾವ ಡಾಕ್ಟರೂ ಹೇಳಲಾರ. ವರದಿ ಬಂದಾಗ ಅಷ್ಟೊಂದು ಆಫೀಸರಿಗೆ ಯಾಕೆ ಸಿಗುತ್ತಿದೆ ಅನ್ನುವುದೇ ಚರ್ಚೆಯಾಯಿತು. ಸಿಪಾಯಿಗೆ ಯಾಕೆ ಇಷ್ಟು ಕಡಿಮೆ ಅಂತ ಕೇಳಿದವರು ಕಡಿಮೆ. ಕಾಗದ ಓದಲು ಬರುವವನಿಗೂ ಕಾಗದ ಹೊತ್ತು ತಿರುಗುವವನಿಗೂ ಇರುವ ಅಂತರ ಇದರಲ್ಲಿ ಎಷ್ಟು ಪಾಲಿದೆಯೋ ಅಂತ ನಮಗೆ ಅನುಮಾನ.

ಇಸವಿಯ ಆಟ ರೊಕ್ಕಕ್ಕೆ ಮಾತ್ರ ನಿಲ್ಲುವುದಿಲ್ಲ. ರೋಗ ಯಾರ ಲೆಕ್ಕಕ್ಕೆ ಅನ್ನುವುದೂ ಇಸವಿಯ ಮೇಲೆಯೇ. 1982ರ ನಿಯಮದಲ್ಲಿ ಸೈನಿಕನಿಗೆ ಒಳ್ಳೆಯ ರಕ್ಷಣೆ ಇತ್ತು. ಸೇರುವಾಗ ಡಾಕ್ಟರರು ಯಾವ ರೋಗವನ್ನೂ ಬರೆಯದಿದ್ದರೆ ಅವನು ಆಗ ಆರೋಗ್ಯವಂತ ಅಂತಲೇ ಅರ್ಥ. ಆಮೇಲೆ ಬಂದದ್ದು ಸರ್ವಿಸಿನಿಂದ ಬಂದದ್ದಲ್ಲ ಅಂತ ತೋರಿಸುವ ಭಾರ ಸರಕಾರದ್ದು. ಅನುಮಾನ ಬಂದರೆ ಅದರ ಲಾಭ ಸೈನಿಕನಿಗೆ. 2008ರಲ್ಲಿ ಹೊಸ ನಿಯಮ ಬಂತು, ಸರ್ವಿಸಿನಲ್ಲಿದ್ದಾಗ ರೋಗ ಕಾಣಿಸಿಕೊಂಡಿತು ಅಂದ ಮಾತ್ರಕ್ಕೆ ಸರ್ವಿಸಿನಿಂದ ಬಂತು ಅನ್ನಲಾಗದು ಅನ್ನುವ ಧಾಟಿಗೆ ತಿರುಗಿತು. 2023ರ ಸೆಪ್ಟೆಂಬರ್ 21ರಿಂದ ಮತ್ತೂ ಹೊಸ ನಿಯಮ. ಆ ದಿನದ ನಂತರ ಹೊರಬರುವವರಿಗಷ್ಟೇ ಅದು ಅನ್ವಯ ಅಂತ ಸರಕಾರ ಹೇಳಿದೆ. ಅದರಲ್ಲಿ ಊನವಿದ್ದೂ ಕೆಲಸದಲ್ಲಿ ಮುಂದುವರಿದವರಿಗೆ ಕೊಡುವ ಹಣದ ಹೆಸರೇ ಬದಲಾಗಿದೆ. ಹೀಗಾಗಿ ಒಂದೇ ಬಿಪಿ, ಒಂದೇ ಸಕ್ಕರೆ ಕಾಯಿಲೆ, ಮೂರು ಇಸವಿಗೆ ಮೂರು ಥರ.

ಹಳೇ ನಿಯಮದ ರಕ್ಷಣೆ ಕಾಗದದಲ್ಲಿದ್ದರೂ ಸಿಪಾಯಿಯ ಕೈಗೆ ಸುಲಭಕ್ಕೆ ಬಂತು ಅಂದುಕೊಳ್ಳಬೇಡಿ. ಧರಮ್‌ವೀರ್ ಸಿಂಗ್ ಅನ್ನುವ ಸಿಗ್ನಲ್ಸ್ ಸಿಪಾಯಿ 1985ರಲ್ಲಿ ಸೇರಿ, ಫಿಟ್ಸ್ ಬಂದು, 1994ರಲ್ಲಿ ಶೇ. 20 ಊನದ ಮೇಲೆ ಹೊರಬಂದರು. ಇದು ನಿನ್ನ ದೇಹಪ್ರಕೃತಿ, ಸರ್ವಿಸಿಗೆ ಸಂಬಂಧವಿಲ್ಲ ಅಂತ ಬೋರ್ಡು ಬರೆದು ಕೈ ತೊಳೆದುಕೊಂಡಿತ್ತು. ಅದು ಸರಿಯಲ್ಲ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2013ರ ಜುಲೈ 2ರಂದು. ಬಿಜೇಂದರ್ ಸಿಂಗ್ ಅನ್ನುವವರದು ಇನ್ನೂ ಉದ್ದದ ಕಥೆ. ಸಿಯಾಚಿನ್ ಹಿಮದಲ್ಲಿದ್ದಾಗ ಫಿಟ್ಸ್ ಬಂತು, 1989ರಲ್ಲಿ ಮನೆಗೆ ಕಳಿಸಿದರು. ಅವರ ಪರವಾಗಿ ತೀರ್ಪು ಬಂದದ್ದು 2025ರ ಏಪ್ರಿಲಿನಲ್ಲಿ. ಮೂವತ್ತಾರು ವರ್ಷ! ಆ ಇಸವಿಯಲ್ಲಿ ಹುಟ್ಟಿದ ಕೂಸಿಗೆ ಈಗ ಕೂದಲು ನೆರೆಯುತ್ತಿರಬೇಕು.

ತಡವಾದರೆ ನಷ್ಟ ಯಾರಿಗೆ ಅನ್ನುವುದಕ್ಕೂ ಒಂದು ತೀರ್ಪಿದೆ. ತರ್ಸೇಮ್ ಸಿಂಗ್ ಅನ್ನುವವರು 1983ರಲ್ಲಿ ಹೊರಬಂದು 1999ರಲ್ಲಿ ಕೋರ್ಟಿಗೆ ಹೋದರು. 2008ರಲ್ಲಿ ಸುಪ್ರೀಂ ಕೋರ್ಟು ಹಕ್ಕು ಇದೆ ಅಂತ ಒಪ್ಪಿ, ಬಾಕಿಯನ್ನು ಮಾತ್ರ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಇಳಿಸಿತು. ಆಮೇಲೆ ಎಷ್ಟೋ ಮೊಕದ್ದಮೆಗಳಲ್ಲಿ ಇದೇ ಮೂರು ವರ್ಷದ ಅಳತೆ ಹಿಡಿದಿದ್ದಾರೆ. ಹಾಗಾಗಿ ಇವತ್ತು ಅರ್ಜಿ ಹಾಕುವುದೂ ಮುಂದಿನ ದೀಪಾವಳಿಗೆ ಹಾಕುವುದೂ ಒಂದೇ ಅಲ್ಲ. ಗದ್ದೆ ಕೊಯ್ಲು ಮುಗಿಯಲಿ ಅಂತ ಮುಂದೆ ಹಾಕುವವರು ಇದನ್ನು ಗಮನಿಸಬೇಕು.

ಅರ್ಜಿ ಹಾಕಿದರೇನು, ನಮ್ಮ ಹವಾಲ್ದಾರರಿಗೆ ಹೊಸ ತಕರಾರು ಎದುರಾಯಿತು. ಇದು ನಮ್ಮ ಭಾಗದವರಿಗೇ ವಿಶೇಷವಾದದ್ದು. ಅವರ ಡಿಸ್ಚಾರ್ಜ್ ಪುಸ್ತಕದಲ್ಲಿ ಊರು ಮರಳಿ, ತಾಲೂಕು ಗಂಗಾವತಿ, ಜಿಲ್ಲೆ ರಾಯಚೂರು ಅಂತಿದೆ. 1986ರಲ್ಲಿ ಸೇರುವಾಗ ಬರೆಸಿದ ವಿಳಾಸ, ಬಿಟ್ಟು ಬರುವಾಗಲೂ ಯಾರೂ ತಿದ್ದಲಿಲ್ಲ. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ. ಆಧಾರ್, ಬ್ಯಾಂಕ್ ಪಾಸ್‌ಬುಕ್ಕು ಎಲ್ಲದರಲ್ಲೂ ಕೊಪ್ಪಳ. ಇದರ ಮೇಲೆ ಹೆಸರಿನ ಕೊನೆಯ 'ಪ್ಪ'ಗೆ ಒಂದು ಕಡೆ ಒಂದು ಪಿ, ಇನ್ನೊಂದು ಕಡೆ ಎರಡು ಪಿ. ಈಗ ಮಿಲಿಟ್ರಿ ಪಿಂಚಣಿ ಎಲ್ಲ ಸ್ಪರ್ಶ್ ಅನ್ನುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಹೋಗುತ್ತದೆ. ಕಂಪ್ಯೂಟರಿಗೆ ನಿಜಾಮನ ಕಾಲ, ಮೈಸೂರು ರಾಜ್ಯ, ರಾಯಚೂರು ಜಿಲ್ಲೆ, ಕೊಪ್ಪಳ ಜಿಲ್ಲೆ ಅನ್ನುವ ಇತಿಹಾಸ ಗೊತ್ತಿಲ್ಲ. ಮನುಷ್ಯ ಇದ್ದ ಜಾಗದಲ್ಲೇ ಇದ್ದ, ಜಿಲ್ಲೆ ಅವನನ್ನು ಬಿಟ್ಟು ಹೋಯಿತು ಅಂತ ಅದಕ್ಕೆ ತಿಳಿಹೇಳುವವರು ಯಾರು? ವಿಳಾಸ ಒಂದೇ ಅನ್ನುವುದಕ್ಕೆ ದಾಖಲೆ ತನ್ನಿ ಅಂತ ಕಾಗದ ಬಂದಿದೆ. ಹವಾಲ್ದಾರರು ವಾರಕ್ಕೆ ಎರಡು ಸಲ ಗಂಗಾವತಿ ಬಸ್ಸು ಹತ್ತುತ್ತಿರುವುದು ಇದಕ್ಕೇ.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಮಾಜಿ ಸೈನಿಕರಿದ್ದರೆ ಟ್ರಂಕು ತೆಗೆಸಿ ಡಿಸ್ಚಾರ್ಜ್ ಪುಸ್ತಕ ನೋಡಿ. ಬಿಟ್ಟು ಬಂದ ತಾರೀಖು ಯಾವುದು, ಯಾವ ಕಾರಣಕ್ಕೆ ಬಿಟ್ಟರು ಅಂತ ಬರೆದಿದೆ, ಕೊನೆಯ ಡಾಕ್ಟರಿ ಬೋರ್ಡು ಕ್ಯಾಟಗರಿ ಏನು ಬರೆದಿದೆ. ಮೊದಲು ಸಿಗಬೇಕಾದದ್ದು ಇವೇ. ಬೋರ್ಡಿನ ಕಾಗದ ಕೈಯಲ್ಲಿ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ತಮ್ಮ ರೆಕಾರ್ಡ್ ಆಫೀಸಿಗೆ ಬರೆದು ನಕಲು ಕೇಳಬಹುದು. ಅರ್ಜಿಯೂ ಮೊದಲು ಅಲ್ಲಿಗೇ. ಅವರು ಇಲ್ಲ ಅಂದರೆ ಮೇಲ್ಮನವಿ. ಅದೂ ಆಗದಿದ್ದರೆ 2009ರಿಂದ ಕೆಲಸ ಮಾಡುತ್ತಿರುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಎತ್ತಿ ಹಿಡಿಯುವ ಸವಲತ್ತನ್ನು ಬಹಳ ಮಂದಿ ಅಲ್ಲಿಗೆ ಹೋಗಿಯೇ ಪಡೆದಿದ್ದಾರೆ. ಅದರ ಪೀಠಗಳು ಚೆನ್ನೈ, ಕೊಚ್ಚಿ, ಮುಂಬೈಯಂಥ ಊರುಗಳಲ್ಲಿವೆ. ಕೊಪ್ಪಳದಿಂದ ಅಷ್ಟು ದೂರ ವಕೀಲರನ್ನು ಹಿಡಿಯುವ ಖರ್ಚೇ ಒಂದು ವರ್ಷದ ಊನದ ಹಣ ನುಂಗಬಹುದು. ಆದ್ದರಿಂದ ಮೊದಲು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ, ಕೋರ್ಟಿನ ಆವರಣದಲ್ಲೇ ಇರುತ್ತದೆ. ಸೈನಿಕರ ಕುಟುಂಬಗಳಿಗೆ ಬಿಟ್ಟಿ ಕಾನೂನು ನೆರವು ಕೊಡಲು 2025ರ ಜುಲೈ 26ರಂದು ದೇಶದ ಮಟ್ಟದಲ್ಲಿ ಒಂದು ಯೋಜನೆಯೂ ಶುರುವಾಗಿದೆ. ಸೈನಿಕ ಕಲ್ಯಾಣ ಕಚೇರಿಯಲ್ಲಿ ಅದರ ಬಗ್ಗೆ ವಿಚಾರಿಸಿ.

ಇನ್ನೊಂದು ಮಾತು. ಬೆಳಗಿನ ಜಾವ ಕಾಲುವೆ ದಂಡೆ ಮೇಲೆ ಓಡುವ ಹುಡುಗರಿಗೆ ಇದು ಹಳೇ ಕಾಲದವರ ಗೋಳು ಅನ್ನಿಸಬಹುದು. ಅಗ್ನಿಪಥ್ ಘೋಷಣೆಯಾದದ್ದು 2022ರ ಜೂನ್ 14ರಂದು. ನಾಲ್ಕು ವರ್ಷದ ಕೆಲಸ. ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆಯ ಹೊತ್ತಿಗೆ ತುಂಬುವ ಲೆಕ್ಕ. ಅವರಿಗೆ ಸರ್ವಿಸಿನಿಂದ ಊನವಾದರೆ ತಿಂಗಳ ಪಿಂಚಣಿ ಇಲ್ಲ, ಒಂದೇ ಸಲದ ಗಂಟು: ಶೇ. 100ಕ್ಕೆ 44 ಲಕ್ಷ, 75ಕ್ಕೆ 25 ಲಕ್ಷ, 50ಕ್ಕೆ 15 ಲಕ್ಷ. ದೊಡ್ಡ ಮೊತ್ತವೇ, ಇಪ್ಪತ್ತೆರಡರ ಹುಡುಗನಿಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಕಾಲು ಐವತ್ತು ವರ್ಷ ಜೊತೆಗಿರುತ್ತದೆ ಅನ್ನುವ ಲೆಕ್ಕ ಆ ವಯಸ್ಸಿನಲ್ಲಿ ಯಾರು ಹಾಕುತ್ತಾರೆ? ಹವಾಲ್ದಾರರ ತಮ್ಮನ ಮಗನೂ ಆ ಹುಡುಗರ ಜೊತೆ ಓಡುತ್ತಾನೆ. ಏನು ಬುದ್ಧಿ ಹೇಳಿದಿರಿ ಅಂತ ಕೇಳಿದರೆ ನಕ್ಕರು.

"ಬ್ಯಾಡ ಅನ್ನಂಗಿಲ್ರೀ, ನಾನೂ ಹಂಗ ಓಡಿ ಹೋದವ್ನ. ಒಂದ ಹೇಳೇನಿ. ಬಿದ್ರ, ಎದ್ರ, ದವಾಖಾನಿ ಚೀಟಿ ಒಂದೂ ಒಗೀಬ್ಯಾಡಪಾ ಅಂದೀನಿ."

ಅಷ್ಟರಲ್ಲಿ ಬಸ್ಸು ಬಂತು. ಹೆಣ್ಣುಮಕ್ಕಳಿಗೆ ಬಿಟ್ಟಿ ಆದಾಗಿನಿಂದ ಈ ಹೊತ್ತಿನ ಬಸ್ಸಿನಲ್ಲಿ ಸೀಟಿನ ಆಸೆ ಬಿಡಬೇಕು. ಹವಾಲ್ದಾರರು ಚೀಲವನ್ನು ಮೊದಲು ನಮ್ಮ ಕೈಗೆ ಕೊಟ್ಟರು, ಬಲಗಾಲು ಮೇಲಿಟ್ಟು, ಕಂಬಿ ಹಿಡಿದು, ಎಡಗಾಲು ಎತ್ತಿಕೊಂಡರು. ಒಳಗೆ ನಿಂತ ಮೇಲೆ ಚೀಲ ವಾಪಸ್ ಇಸಿದುಕೊಂಡು, ಎಲ್ಲ ಕಾಗದ ಇವೆಯೇ ಅಂತ ಬೆರಳಿನಿಂದ ಒಮ್ಮೆ ಎಣಿಸಿ ನೋಡಿದರು. ಜಿಲ್ಲೆ ಬದಲಾದದ್ದಕ್ಕೆ ದಾಖಲೆ ಕೇಳಲು ತಹಸೀಲ್ದಾರ್ ಕಚೇರಿಗೆ ಹೊರಟಿದ್ದರು.